400 ಸೀಟು ಬಂದರೆ ಸಂವಿಧಾನ ಬದಲಾಗುತ್ತದೆಯೇ? ಮತ್ತು ಪದೇ ಪದೇ ಬರುವ ಇನ್ನಷ್ಟು ಪ್ರಶ್ನೆಗಳು

ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿವೆ. ಚುನಾವಣೆ ಬಂದಾಗಲೆಲ್ಲ ತಲೆ ಎತ್ತುವ ಪ್ರಶ್ನೆ ಅದು. ಒಂದು ಗುಂಪು ಅದನ್ನಿಟ್ಟುಕೊಂಡು ಹೆದರಿಸುತ್ತದೆ, ಇನ್ನೊಂದು ಗುಂಪು ಎದೆ ತಟ್ಟಿಕೊಳ್ಳುತ್ತದೆ. ಸಂವಿಧಾನವನ್ನು ತಿದ್ದುವ ಬಗೆ ಹೇಳುವ 368ನೇ ವಿಧಿಯನ್ನು ಓದಿದವರು ಎರಡೂ ಕಡೆ ಕಡಿಮೆ. ರಾಜ್ಯಸಭೆ ಎಂದರೇನು, ಮಸೂದೆ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅದಕ್ಕೆ ಹತ್ತನೇ ತರಗತಿಯ ಪುಸ್ತಕ ಸಾಕು.

ಒಂದೇ ಪಕ್ಷಕ್ಕೆ ಲೋಕಸಭೆಯಲ್ಲಿ 400 ಸೀಟು ಬಂದರೆ ಸಂವಿಧಾನವನ್ನೇ ಬದಲಿಸಿಬಿಡಬಹುದೇ?
(ದಾವಣಗೆರೆ, ರಾಯಚೂರು, ಪುತ್ತೂರು, ದುಬೈ ಓದುಗರು)

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. 368ನೇ ವಿಧಿ ಸೀಟು ಎಣಿಸುವುದಿಲ್ಲ, ಮತ ಎಣಿಸುತ್ತದೆ. ಅದೂ ಎರಡು ಸದನಗಳಲ್ಲಿ ಬೇರೆ ಬೇರೆಯಾಗಿ. ಪ್ರತಿ ಸದನದಲ್ಲೂ ಎರಡು ಷರತ್ತು ಒಟ್ಟಿಗೇ ಈಡೇರಬೇಕು: ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ, ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮತ. 543 ಸದಸ್ಯರ ಲೋಕಸಭೆಯಲ್ಲಿ ಎಲ್ಲರೂ ಮತ ಹಾಕಿದರೆ 362 ಬೇಕು. 450 ಜನ ಹಾಕಿದರೆ 300 ಸಾಕು. 390 ಜನ ಮಾತ್ರ ಹಾಕಿದರೆ ಮೂರನೇ ಎರಡು ಎಂದರೆ 260, ಆದರೆ 272 ಮುಟ್ಟದಿದ್ದರೆ ಮಸೂದೆ ಬಿತ್ತು. 245 ಸದಸ್ಯಬಲದ ರಾಜ್ಯಸಭೆಯಲ್ಲಿ ಎಲ್ಲರೂ ಮತ ಹಾಕಿದರೆ 164, ಎಷ್ಟೇ ಜನ ಹಾಕಿದರೂ ಕನಿಷ್ಠ 123. ಸಾಮಾನ್ಯ ಮಸೂದೆಗೆ ಸದನಗಳ ನಡುವೆ ಹೊಂದಾಣಿಕೆಯಾಗದಿದ್ದರೆ 108ನೇ ವಿಧಿಯ ಜಂಟಿ ಅಧಿವೇಶನ ಉಂಟು. ತಿದ್ದುಪಡಿ ಮಸೂದೆಗೆ ಆ ದಾರಿ ಇಲ್ಲ. ರಾಜ್ಯಸಭೆ ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಇದು ಬರೀ ಕಾಗದದ ಮಾತಲ್ಲ. 1984ರ ಚುನಾವಣೆಯಲ್ಲಿ ರಾಜೀವ್ ಗಾಂಧಿಯವರ ಪಕ್ಷ 400 ದಾಟಿತ್ತು. ಆ ಸರ್ಕಾರ ತಂದ ಪಂಚಾಯತ್ ರಾಜ್ ತಿದ್ದುಪಡಿ, ಅಂದರೆ 64ನೇ ತಿದ್ದುಪಡಿ ಮಸೂದೆ, ಲೋಕಸಭೆಯಲ್ಲಿ ಪಾಸಾಗಿ 1989ರ ಅಕ್ಟೋಬರ್‌ನಲ್ಲಿ ರಾಜ್ಯಸಭೆಯಲ್ಲಿ ಸೋತಿತು. ಅದೇ ಆಶಯದ 73ನೇ ತಿದ್ದುಪಡಿಯನ್ನು 1992ರಲ್ಲಿ ದಾಟಿಸಿದ್ದು ಸ್ವಂತ ಬಹುಮತವೂ ಇಲ್ಲದ ನರಸಿಂಹ ರಾವ್ ಸರ್ಕಾರ. ಇನ್ನೂ ಹಿಂದೆ, 1970ರಲ್ಲಿ, ಮಾಜಿ ಅರಸರ ರಾಜಧನ ರದ್ದುಮಾಡುವ ಮಸೂದೆಗೆ ರಾಜ್ಯಸಭೆಯಲ್ಲಿ ಪರ 149, ವಿರುದ್ಧ 75 ಮತ ಬಿದ್ದವು. 224ರ ಮೂರನೇ ಎರಡು 149.33. ಒಂದು ಮತವೂ ಪೂರ್ತಿ ಅಲ್ಲ, ಮೂರನೇ ಒಂದು ಮತ ಕಡಿಮೆಯಾಗಿ ಮಸೂದೆ ಬಿತ್ತು. ಮುಂದಿನ ವರ್ಷ 26ನೇ ತಿದ್ದುಪಡಿಯಾಗಿ ಮತ್ತೆ ಬಂದು ಪಾಸಾಯಿತು, ಆ ಮಾತು ಬೇರೆ.

ಎರಡನೇ ತಡೆ ರಾಜ್ಯಗಳದು. ರಾಷ್ಟ್ರಪತಿ ಚುನಾವಣೆಯ ವಿಧಾನ, ಕೇಂದ್ರ ಮತ್ತು ರಾಜ್ಯಗಳ ಕಾರ್ಯಾಂಗದ ವ್ಯಾಪ್ತಿ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್, 7ನೇ ಅನುಸೂಚಿಯ ಮೂರು ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಮತ್ತು 368ನೇ ವಿಧಿಯೇ. ಇವನ್ನು ಮುಟ್ಟಿದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳು ಅನುಮೋದಿಸಬೇಕು. ಈಗ 28 ರಾಜ್ಯ, ಹಾಗಾಗಿ 14. ಅದಾದ ಮೇಲಷ್ಟೇ ರಾಷ್ಟ್ರಪತಿಗಳ ಅಂಕಿತ. ಜಿಎಸ್‌ಟಿಯ 101ನೇ ತಿದ್ದುಪಡಿ 2016ರಲ್ಲಿ ಈ ದಾರಿಯಲ್ಲೇ ಹೋಯಿತು.

ಈ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ನೋಡಿದಿರಾ? ಮೂಲಭೂತ ಹಕ್ಕುಗಳು! ಸಮಾನತೆಯ 14, ವಾಕ್ ಸ್ವಾತಂತ್ರ್ಯದ 19, ಜೀವಿಸುವ ಹಕ್ಕಿನ 21, ಯಾವುದನ್ನು ತಿದ್ದಲೂ ರಾಜ್ಯಗಳನ್ನು ಕೇಳಬೇಕೆಂದು ಸಂವಿಧಾನ ಹೇಳುವುದಿಲ್ಲ. ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10 ಮೀಸಲಾತಿ ತಂದ 103ನೇ ತಿದ್ದುಪಡಿ 15 ಮತ್ತು 16ನೇ ವಿಧಿಗಳಿಗೆ ಹೊಸ ಖಂಡ ಸೇರಿಸಿತು, 2019ರಲ್ಲಿ, ಒಂದೇ ಒಂದು ವಿಧಾನಸಭೆಯ ಮುಂದೆ ಹೋಗದೆ. ಬರಹದಲ್ಲಿ ನೋಡಿದರೆ ನಿಮ್ಮ ಹಕ್ಕುಗಳಿಗಿಂತ ರಾಜ್ಯಗಳ ಅಧಿಕಾರಕ್ಕೆ ಬೀಗ ಗಟ್ಟಿ.

ಹಕ್ಕುಗಳನ್ನು ಕಾಯುತ್ತಿರುವುದು ಬರಹವಲ್ಲ, ಒಂದು ತೀರ್ಪು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆ ಅದು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಕೊಟ್ಟಿತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಸ್ವಾಮೀಜಿ ಗೆದ್ದರು ಎಂದು ಅನೇಕರು ಬರೆಯುತ್ತಾರೆ. ಭೂಸುಧಾರಣಾ ಕಾಯ್ದೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಅದೇ ಪೀಠ ಎತ್ತಿಹಿಡಿಯಿತು ಎಂಬುದನ್ನು ಓದುವ ತಾಳ್ಮೆ ಅವರಿಗಿಲ್ಲ.

ಆ ತೀರ್ಪನ್ನು ಸಂಸತ್ತು ಸುಮ್ಮನೆ ಒಪ್ಪಲಿಲ್ಲ. ತಿದ್ದುಪಡಿಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು 1976ರ 42ನೇ ತಿದ್ದುಪಡಿ 368ಕ್ಕೆ 4 ಮತ್ತು 5ನೇ ಖಂಡಗಳನ್ನು ಸೇರಿಸಿತು. ನಮ್ಮ ಬೆಂಗಳೂರಿನ ಮಿನರ್ವ ಮಿಲ್‌ ಹೂಡಿದ ದಾವೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಕಿತ್ತುಹಾಕಿತು. ತರ್ಕ ಸರಳ: ಮಿತಿಯಿರುವ ಅಧಿಕಾರವನ್ನೇ ಬಳಸಿ ಆ ಮಿತಿಯನ್ನು ಅಳಿಸಿಕೊಳ್ಳಲು ಬರುವುದಿಲ್ಲ. ಮುಂದೆ ನ್ಯಾಯಾಂಗ ನೇಮಕಾತಿ ಆಯೋಗದ 99ನೇ ತಿದ್ದುಪಡಿ ಸಂಸತ್ತಿನಲ್ಲಿ ಭಾರೀ ಬಹುಮತ, ಮೇಲೆ ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ಅನುಮೋದನೆ ಪಡೆದೂ 2015ರಲ್ಲಿ 4-1ರಿಂದ ಬಿದ್ದುಹೋಯಿತು.

ಅಂದಮೇಲೆ ನಿಶ್ಚಿಂತೆಯೇ? ಅಲ್ಲ. ಮೂಲ ರಚನೆ ಎಂದರೆ ಏನೇನು ಎಂಬ ಮುಚ್ಚಿದ ಪಟ್ಟಿ ಎಲ್ಲೂ ಇಲ್ಲ. ಕೋಚಿಂಗ್ ಸೆಂಟರುಗಳು ನಂಬರ್ ಹಾಕಿ ಕೊಡುವ ಪಟ್ಟಿಯನ್ನು ದಯವಿಟ್ಟು ಹರಿದುಹಾಕಿ. ಸಂವಿಧಾನದ ಪರಮಾಧಿಕಾರ, ಪ್ರಜಾಸತ್ತೆ, ಧರ್ಮನಿರಪೇಕ್ಷತೆ, ಒಕ್ಕೂಟ ವ್ಯವಸ್ಥೆ, ನ್ಯಾಯಾಂಗದ ಪರಿಶೀಲನಾಧಿಕಾರ, ಇವು ತೀರ್ಪುಗಳಲ್ಲಿ ಗಟ್ಟಿಯಾಗಿ ನಿಂತಿವೆ. ಉಳಿದದ್ದನ್ನು ಆಯಾ ಪ್ರಕರಣದಲ್ಲಿ ಆಯಾ ಪೀಠ ತೀರ್ಮಾನಿಸಬೇಕು. 7-6ರ ತೀರ್ಪನ್ನು ಅದಕ್ಕಿಂತ ದೊಡ್ಡ ಪೀಠ ಮರುಪರಿಶೀಲಿಸಬಾರದೆಂಬ ನಿಯಮವೂ ಇಲ್ಲ.

ನನ್ನ ಚಿಂತೆ ಇರುವುದು ಬೇರೆ ಕಡೆ. 362 ಎಣಿಸುತ್ತ ಕೂತವರು ಸಾದಾ ಬಹುಮತಕ್ಕೆ ಏನೇನು ಆಗುತ್ತದೆ ಎಂದು ನೋಡುವುದೇ ಇಲ್ಲ. 3ನೇ ವಿಧಿಯಡಿ ರಾಜ್ಯವನ್ನು ಒಡೆಯಬಹುದು, ಗಡಿ ಬದಲಿಸಬಹುದು, ಹೆಸರು ಬದಲಿಸಬಹುದು. ಇದನ್ನು 368ರ ತಿದ್ದುಪಡಿ ಎಂದು ಪರಿಗಣಿಸಬಾರದು ಎಂದು 4ನೇ ವಿಧಿಯೇ ಹೇಳುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ಹಾಗೆ ಮಾಡಿದ ಕಾನೂನಿನಿಂದ. ರಾಜ್ಯದ ಅಭಿಪ್ರಾಯ ಕೇಳಬೇಕು ನಿಜ, ಪಾಲಿಸಬೇಕಿಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಜೂನ್ 2ರಂದು ತೆಲಂಗಾಣ ಹುಟ್ಟಿತು. 356ನೇ ವಿಧಿಯ ರಾಷ್ಟ್ರಪತಿ ಆಳ್ವಿಕೆಗೂ ಸದನಗಳ ಸಾದಾ ಬಹುಮತ ಸಾಕು. ಸದನದಲ್ಲಿ ಬಲಾಬಲ ಪರೀಕ್ಷೆಗೆ ಅವಕಾಶ ಕೊಡದೆ 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದಾಗ ಯಾರೂ ಸಂವಿಧಾನದ ಒಂದಕ್ಷರ ತಿದ್ದಿರಲಿಲ್ಲ. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಬೇಕು ಎಂದು 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಸುಮಾರು ಐದು ವರ್ಷ ಕಳೆದಿತ್ತು. 1975ರ ಜೂನ್ 25ರ ತುರ್ತುಪರಿಸ್ಥಿತಿ ಕೂಡ ಆಗ ಇದ್ದ 352ನೇ ವಿಧಿಯ ‘ಆಂತರಿಕ ಕ್ಷೋಭೆ’ ಎಂಬ ಮಾತನ್ನೇ ಹಿಡಿದು ಬಂದದ್ದು. 44ನೇ ತಿದ್ದುಪಡಿ ಅದನ್ನು ‘ಸಶಸ್ತ್ರ ಬಂಡಾಯ’ ಎಂದು ಬಿಗಿ ಮಾಡಿತು, ಸಚಿವ ಸಂಪುಟದ ಲಿಖಿತ ಸಲಹೆ ಬೇಕೆಂದಿತು, 20 ಮತ್ತು 21ನೇ ವಿಧಿಯ ಹಕ್ಕುಗಳನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದಿತು. ತಿದ್ದುಪಡಿ ಎಂದ ಕೂಡಲೇ ಬೆಚ್ಚುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಮೀಸಲಾತಿ ಹತ್ತೇ ವರ್ಷಕ್ಕೆ ಅಂತ ಸಂವಿಧಾನದಲ್ಲಿತ್ತಲ್ಲ? ಇನ್ನೂ ಯಾಕಿದೆ? (ಮೈಸೂರು)

ಇಲ್ಲ. ಹತ್ತು ವರ್ಷದ ಗಡುವು ಇದ್ದದ್ದು 334ನೇ ವಿಧಿಯಲ್ಲಿ, ಲೋಕಸಭೆ ಮತ್ತು ವಿಧಾನಸಭೆಯ ಮೀಸಲು ಸ್ಥಾನಗಳಿಗೆ. ಅದನ್ನು ಪ್ರತಿ ಸಲ ತಿದ್ದುಪಡಿಯಿಂದಲೇ ವಿಸ್ತರಿಸುತ್ತ ಬಂದಿದ್ದಾರೆ. 104ನೇ ತಿದ್ದುಪಡಿ 2030ರ ಜನವರಿವರೆಗೆ ಒಯ್ದಿದೆ. ಉದ್ಯೋಗದ 16(4), ಶಿಕ್ಷಣದ 15(4)ಕ್ಕೆ ಯಾವ ಕಾಲದಲ್ಲೂ ಗಡುವು ಇರಲಿಲ್ಲ. ಮೀಸಲಾತಿ ಬೇಕು ಬೇಡ ಎಂದು ಬೇಕಾದಷ್ಟು ವಾದಿಸಿ, ಇಲ್ಲದ ಗಡುವನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ.

30ಎ ವಿಧಿಯ ಪ್ರಕಾರ ಶಾಲೆಯಲ್ಲಿ ಭಗವದ್ಗೀತೆ ಹೇಳಿಕೊಡುವಂತಿಲ್ಲವಂತೆ, ನಿಜವೇ? (ಶಿವಮೊಗ್ಗ, ಸಿಂಗಪುರ)

30ಎ ಎಂಬ ವಿಧಿಯೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿ ವೇದಿಕೆ ಭಾಷಣಕ್ಕೆ ಏರಿದ ಸುಳ್ಳು ಇದು. ಇರುವುದು 30ನೇ ವಿಧಿಯ (1ಎ) ಖಂಡ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಯ ಆಸ್ತಿಯನ್ನು ಸರ್ಕಾರ ಸ್ವಾಧೀನಪಡಿಸಿಕೊಂಡರೆ ಕೊಡುವ ಪರಿಹಾರದ ವಿಷಯ ಅದು. ಧರ್ಮಬೋಧನೆಯ ಮಾತು 28ರಲ್ಲಿದೆ: ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಕೂಡದು. ಧರ್ಮಗಳ ಬಗ್ಗೆ ಕಲಿಸುವುದು ಬೇರೆ, ಧರ್ಮಬೋಧನೆ ಬೇರೆ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ.

ಇಂಥದ್ದು ಬಂದಾಗ ಮಾಡಬೇಕಾದ್ದು ಇಷ್ಟು. ಕೇಂದ್ರ ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆಯ ಜಾಲತಾಣದಲ್ಲಿ ಸಂವಿಧಾನದ ಪಠ್ಯವಿದೆ. ಆ ವಿಧಿಯನ್ನು ತೆಗೆಯಿರಿ. ಚೌಕ ಆವರಣದೊಳಗೆ ಇರುವುದು ಆಮೇಲೆ ಸೇರಿದ್ದು ಅಥವಾ ಬದಲಾದದ್ದು. ಪುಟದಡಿಯ ಟಿಪ್ಪಣಿಯಲ್ಲಿ ಯಾವ ತಿದ್ದುಪಡಿ, ಯಾವ ದಿನಾಂಕದಿಂದ ಜಾರಿ ಎಂದಿರುತ್ತದೆ. ತಿದ್ದುಪಡಿಯ ವರ್ಷ ಒಂದು, ಜಾರಿಯ ದಿನ ಇನ್ನೊಂದು ಇರಬಹುದು, ಎಡವುವುದು ಇಲ್ಲೇ.

ಪ್ರಸ್ತಾವನೆಯ ‘ಸಮಾಜವಾದಿ’, ‘ಜಾತ್ಯತೀತ’ ಪದ ತೆಗೆದರೆ ದೇಶದ ಸ್ವರೂಪ ಬದಲಾಗುತ್ತದೆಯೇ? (ಬೆಳಗಾವಿ)

ಆ ಪದಗಳು ಸೇರಿದ್ದು 42ನೇ ತಿದ್ದುಪಡಿಯಿಂದ, ಜಾರಿ 1977ರ ಜನವರಿ 3. ಮೂಲದಲ್ಲಿ ಇರಲಿಲ್ಲ ಎಂಬುದು ಸರಿ. ಆದರೆ ಸಮಾನತೆಯ 14, 15, 16, ಮತ್ತು ಧರ್ಮ ಸ್ವಾತಂತ್ರ್ಯದ 25ರಿಂದ 28ರವರೆಗಿನ ವಿಧಿಗಳು ಮೊದಲ ದಿನದಿಂದಲೂ ಇವೆ. ಪದ ಅಳಿಸಿದರೆ ಅವು ಅಳಿಯುವುದಿಲ್ಲ. ಸೇರ್ಪಡೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿದೆ.

ನಮ್ಮ ಸಂವಿಧಾನ ಬೇರೆ ದೇಶಗಳಿಂದ ಕದ್ದದ್ದಲ್ಲವೇ? (ಬೆಂಗಳೂರು)

ಹೊರಗಿನದನ್ನು ನೋಡದೆ ಸಂವಿಧಾನ ಬರೆದ ದೇಶದ ಹೆಸರು ಕಳಿಸಿ, ಉತ್ತರಿಸುತ್ತೇನೆ.

ಆಸ್ತಿಯ ಹಕ್ಕು ಮೂಲಭೂತ ಹಕ್ಕೇ? (ಕೊಪ್ಪಳ)

1979ರ ಜೂನ್ 20ರಿಂದ ಅಲ್ಲ. 300ಎ ನೋಡಿ. ಕಾನೂನಿನ ಆಧಾರವಿಲ್ಲದೆ ಕಿತ್ತುಕೊಂಡರೆ ಹೈಕೋರ್ಟಿಗೆ 226ರಡಿ ಹೋಗಿ. 300ಎ ಒಂದರ ಬಲದ ಮೇಲೆ 32ರಡಿ ನೇರ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಗಲು ಬರುವುದಿಲ್ಲ.

ಈಗ ಒಟ್ಟು ಎಷ್ಟು ವಿಧಿಗಳಿವೆ? ಪರೀಕ್ಷೆಗೆ ಬೇಕು. (ಕಲಬುರಗಿ)

ಕೊನೆಯ ವಿಧಿಯ ಸಂಖ್ಯೆ 1950ರಲ್ಲೂ 395, ಇವತ್ತೂ 395. ನಡುವೆ ಎ, ಬಿ ಎಂದು ಸೇರಿದವು ಎಷ್ಟೋ, ರದ್ದಾದವು ಎಷ್ಟೋ. ಎಣಿಕೆ ಕೇಳುವ ಪ್ರಶ್ನೆಪತ್ರಿಕೆ ತಯಾರಿಸಿದವರನ್ನೇ ಕೇಳಿ.