ಸಂಪಾದಕರ ಉತ್ತರ: ಇದು ಯಾರ ಬಗ್ಗೆ ಬರೆದದ್ದು?

ಉಡುಪಿ ಸಮೀಪದ ಸಣ್ಣ ಪೇಟೆಯೊಂದರಲ್ಲಿ ಬಹುಕಾಲ ಪಾಠ ಮಾಡಿ ಕಳೆದ ಮಳೆಗಾಲದಲ್ಲಿ ತೀರಿಕೊಂಡ ಮಾಸ್ಟ್ರೊಬ್ಬರ ಹಳೆ ವಿದ್ಯಾರ್ಥಿ ನಮಗೆ ಪತ್ರ ಬರೆದಿದ್ದಾರೆ. ಸಹಪಾಠಿಗಳು ಸೇರಿ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಬಂದ ಲೇಖನಗಳನ್ನು ಮಾಸ್ಟ್ರ ಪತ್ನಿಗೆ ಓದಿ ಹೇಳಿದಾಗ ಅವರು ಎಲ್ಲವನ್ನೂ ಕೇಳಿಸಿಕೊಂಡು, "ಚೆನ್ನಾಗಿದೆ. ಇದು ಯಾರ ಬಗ್ಗೆ ಬರೆದದ್ದು?" ಎಂದರಂತೆ. ಲೇಖನಗಳ ಪ್ರತಿಗಳನ್ನು ಜೊತೆಗಿಟ್ಟು ಪತ್ರಲೇಖಕರು ಮುಖ್ಯವಾಗಿ ಎರಡು ವಿಷಯ ಕೇಳಿದ್ದಾರೆ: ಮಾಸ್ಟ್ರು ಬೆತ್ತ ಬೀಸುತ್ತಿದ್ದುದನ್ನು ಬರೆಯಬಹುದೇ? ಪತ್ನಿಯ ತವರಿನ ಗದ್ದೆಯ ವಿಷಯವನ್ನು ಬರೆಯಬಹುದೇ?

ಪ್ರಿಯರೇ,

ಮಾಸ್ಟ್ರ ಮನೆಯ ಅಮ್ಮ ಕೇಳಿದ್ದು ಸರಿಯಾಗಿಯೇ ಇದೆ. 'ಶಿಸ್ತಿನ ಸಿಪಾಯಿ', 'ಸರಳ ಸಜ್ಜನ', 'ಅಜಾತಶತ್ರು', 'ಶಿಷ್ಯವತ್ಸಲ' ಎಂದು ಲೇಖನಗಳಲ್ಲಿರುವ ಮಾತುಗಳನ್ನು ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಯಾವ ನಿವೃತ್ತ ಶಿಕ್ಷಕರ ಭಾವಚಿತ್ರದ ಕೆಳಗೆ ಅಂಟಿಸಿದರೂ ಯಾರೂ ತಕರಾರು ಮಾಡುವುದಿಲ್ಲ. ಅದರಲ್ಲೂ ಅಜಾತಶತ್ರು! ಹೆಂಡತಿಯ ತವರಿನವರೇ ಕೆಲವು ವರ್ಷ ಮಾತು ಬಿಟ್ಟಿದ್ದ ಮನುಷ್ಯರಿಗೆ ಆ ಬಿರುದು ಹೇಗೆ ಒಪ್ಪುತ್ತದೆ?

ಅಲ್ಲಿಂದಲೇ ಶುರುಮಾಡುತ್ತೇನೆ. ನಿಮ್ಮ ಒಬ್ಬ ಲೇಖಕರು, "ಮಾಸ್ಟ್ರು ಊರಿನವರ ಡಿಕ್ಲರೇಶನ್‌ಗಳನ್ನೂ ತುಂಬಿಕೊಡುತ್ತಿದ್ದರು" ಎಂದು ಒಂದು ಸಾಲು ಬರೆದು ಮುಂದಿನ ವಾಕ್ಯದಲ್ಲಿ ಗುರುಪೂರ್ಣಿಮೆಗೆ ಹೋಗಿಬಿಟ್ಟಿದ್ದಾರೆ. ಆ ಸಾಲನ್ನು ಬಿಡಬೇಡಿ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನಿಗೆ ಅದು ಸಿಗಬೇಕಾದರೆ ಏಳನೇ ನಮೂನೆಯ ಅರ್ಜಿಯನ್ನು, ಅಂದರೆ ಈ ಡಿಕ್ಲರೇಶನ್ ಅನ್ನು, ಅವನೇ ಭೂನ್ಯಾಯಮಂಡಳಿಗೆ ಕೊಡಬೇಕಾಗಿತ್ತು. ಸರ್ವೆ ನಂಬರು, ಚಕ್ಕುಬಂದಿ, ಧಣಿಗಳ ಹೆಸರು, ಗೇಣಿಯಾಗಿ ವರ್ಷಕ್ಕೆ ಅಳೆಯುತ್ತಿದ್ದ ಅಕ್ಕಿ ಎಷ್ಟು ಮುಡಿ, ಎಲ್ಲವನ್ನೂ ಕಾಗದದಲ್ಲಿ ಬರೆಯಬೇಕು. ಕಾಯಂ ಹಕ್ಕಿಲ್ಲದ ಚಾಲಗೇಣಿಯ ಒಕ್ಕಲುಗಳಲ್ಲಿ ಅನೇಕರ ಬಳಿ ಗೇಣಿ ಚೀಟು ಎಂಬ ಕರಾರುಪತ್ರ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಊರಿನಲ್ಲಿ ಬರೆಯಬಲ್ಲವರು ಯಾರು? ಶಾನುಭಾಗರು ಅಥವಾ ಮಾಸ್ಟ್ರು. ಧಣಿಗಳ ಅಂಗಳದಲ್ಲಿ ಕೂತು ಲೆಕ್ಕ ಬರೆಯುವವರ ಹತ್ತಿರ ಒಕ್ಕಲುಗಳು ಹೋಗಲು ಹಿಂಜರಿದರು, ಮಾಸ್ಟ್ರ ಜಗಲಿಗೆ ಬಂದರು.

ಹೀಗೆ ಬಂದವರಲ್ಲಿ ಅಮ್ಮನ ತವರಿನ ಗದ್ದೆ ಉಳುತ್ತಿದ್ದವರೂ ಇದ್ದರು, ಅವರ ಅರ್ಜಿಯನ್ನೂ ಮಾಸ್ಟ್ರು ತುಂಬಿದರು ಎಂದು ನೀವು ಬರೆದಿದ್ದೀರಿ. ಇದನ್ನು ನೀವು 'ತುಸು ಮುಜುಗರದ ಸಂಗತಿ' ಎಂದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ತ್ಯಾಗದ ಕಥೆಯನ್ನಾಗಿ ಮಾಡುವುದೂ ಬೇಡ. ನಮ್ಮ ಕಡೆ ಗದ್ದೆ ಕಳೆದುಕೊಂಡವರೆಲ್ಲ ದೊಡ್ಡ ಧಣಿಗಳಾಗಿರಲಿಲ್ಲ. ಎರಡು ಮೂರು ಎಕರೆ ಗೇಣಿಗೆ ಕೊಟ್ಟು ಆ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರೂ ಇದ್ದರು. ಅಮ್ಮನ ತವರು ಇವುಗಳಲ್ಲಿ ಯಾವುದು? ಅರ್ಜಿ ತುಂಬುವ ಮೊದಲು ಮಾಸ್ಟ್ರು ಮನೆಯಲ್ಲಿ ಹೇಳಿದ್ದರೇ? ಮತ್ತೆ ಹೋಗಿಬರುವುದು ಶುರುವಾದದ್ದು ಯಾವ ಮದುವೆಗೆ, ಯಾವ ಉತ್ತರಕ್ರಿಯೆಯ ಬೊಜ್ಜಕ್ಕೆ? ಅರ್ಜಿಯ ನಕಲು ಆ ಒಕ್ಕಲು ಮನೆಯ ಪೆಟ್ಟಿಗೆಯಲ್ಲಿ ಇನ್ನೂ ಇರಬಹುದು. ಮಾಸ್ಟ್ರ ಕೈಬರಹದ ಅಂಥ ಒಂದು ಹಾಳೆ ಸಿಕ್ಕಿದರೆ ಮುಖಪುಟಕ್ಕೆ ಹಾಕಿ. ಶಾಲು ಹೊದಿಸಿಕೊಂಡ ಫೋಟೋ ಒಳಗೆ ಎಲ್ಲಾದರೂ ಇರಲಿ.

ಬೆತ್ತದ ವಿಷಯ. ಕೆಲವರು ಅದನ್ನು ಮರೆತವರಂತೆ ಬರೆದಿದ್ದಾರೆ, ಉಳಿದವರು "ಆ ಪೆಟ್ಟಿನಿಂದಲೇ ನಾವು ಮನುಷ್ಯರಾದೆವು" ಎಂದು ಹಿಗ್ಗಿದ್ದಾರೆ. ಹಿಗ್ಗಿದವರೆಲ್ಲ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಇದ್ದು ನಿವೃತ್ತರಾದವರು ಎಂಬುದನ್ನು ಗಮನಿಸಿದಿರಾ? ಐದನೇ ತರಗತಿಗೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ಹುಡುಗಿಯರನ್ನು, ದೋಣಿ ಹತ್ತಿದ ಹುಡುಗರನ್ನು ನೀವು ಕೇಳಿಲ್ಲ. ಅವರಲ್ಲಿ ಯಾರಾದರೂ ಪೆಟ್ಟಿಗೆ ಹೆದರಿಯೇ ಬಿಟ್ಟಿರಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ಇವತ್ತು ಓದುವ ಹರೆಯದ ಶಿಕ್ಷಕಿಗೆ ನಿಮ್ಮ ಹಿಗ್ಗು ಅರ್ಥವಾಗುವುದಿಲ್ಲ, ಅರ್ಥವಾಗಬೇಕಾಗಿಯೂ ಇಲ್ಲ. ಹೊಡೆಯುತ್ತಿದ್ದರು ಎಂದು ಬರೆಯಿರಿ. ಯಾತಕ್ಕೆ, ಯಾರಿಗೆ ಹೆಚ್ಚು, ಯಾವಾಗ ನಿಲ್ಲಿಸಿದರು ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ.

ನೀವು ಕಳುಹಿಸಿದ್ದರಲ್ಲಿ ನನಗೆ ಮೆಚ್ಚುಗೆಯಾದದ್ದು ಅತಿ ಚಿಕ್ಕ ಬರಹ. ಮುಂಬಯಿಯ ಹೊಟೇಲಿನಲ್ಲಿ ದುಡಿದವರದು, ನಾಲ್ಕೇ ವಾಕ್ಯ. ಮನೆಬಿಟ್ಟು ಹೊರಟ ತನ್ನನ್ನು ಮಾಸ್ಟ್ರು ಬಸ್ಸಿನ ಹತ್ತಿರ ಹಿಡಿದರು, ಬೈಯಲಿಲ್ಲ, ಕನ್ನಡದ ರಾತ್ರಿ ಶಾಲೆಯೊಂದರ ವಿಳಾಸ ಬರೆದುಕೊಟ್ಟು ಐದು ರೂಪಾಯಿ ಕೊಟ್ಟರು, ಮನೆಯವರಿಗೆ ತಾವೇ ಹೋಗಿ ಹೇಳಿದರು. ಅಷ್ಟೇ. 'ಮಹಾನುಭಾವ' ಎಂಬ ಪದವೂ ಅದರಲ್ಲಿಲ್ಲ. ಇದನ್ನು ತಿದ್ದಲು ಯಾರಿಗೂ ಕೊಡಬೇಡಿ.

ತರಗತಿಯಲ್ಲಿ ತುಳು ಆಡಿದರೆ ದಂಡ ಹಾಕುತ್ತಿದ್ದರು ಎಂದು ಒಬ್ಬರು, ಒಂದನೇ ತರಗತಿಗೆ ಕಥೆಯನ್ನೆಲ್ಲ ತುಳುವಿನಲ್ಲೇ ಹೇಳುತ್ತಿದ್ದರು ಎಂದು ಇನ್ನೊಬ್ಬರು ಬರೆದಿದ್ದಾರೆ, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಯಾವುದನ್ನೂ ಬಿಡಬೇಡಿ. ಇಬ್ಬರೂ ಕಲಿತ ವರ್ಷಗಳನ್ನು ಹೆಸರಿನ ಜೊತೆ ಹಾಕಿ. ಮನುಷ್ಯ ನಡುವಿನಲ್ಲಿ ಬದಲಾಗಿದ್ದಾನು. ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವ ಪತ್ತನಾಜೆ ಕಳೆದ ಮೇಲೆ, ವೇಷವಿಲ್ಲದೆ ಕೂತು ನಡೆಸುವ ಮಳೆಗಾಲದ ತಾಳಮದ್ದಳೆಗಳಲ್ಲಿ ಅವರು ಪಾತ್ರವಾಗಿ ಅರ್ಥ ಹೇಳುತ್ತಿದ್ದರಲ್ಲ, ಎದುರು ಕೂತು ವಾದಿಸಿದವರು ಯಾರಾದರೂ ಬದುಕಿದ್ದರೆ ಬೇಗ ಹೋಗಿ ಕಾಣಿರಿ.

ಇನ್ನು ಮನೆ. ಬಡ ಮಕ್ಕಳ ಫೀಸು ಕಟ್ಟುತ್ತಿದ್ದರು ಎಂದು ಎಲ್ಲರೂ ಹೊಗಳಿದ್ದಾರೆ. ಆ ದುಡ್ಡು ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಬೇಡವೇ? ಅಮ್ಮ ಮಲ್ಲಿಗೆ ಬೆಳೆಸಿ, ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಶಂಕರಪುರದಲ್ಲಿ ಮಲ್ಲಿಗೆ ಮಾರುವ ಕಟ್ಟೆಗೆ ಕಳುಹಿಸುತ್ತಿದ್ದರು ಎಂದು ನಿಮ್ಮ ಪತ್ರದ ಕೊನೆಯಲ್ಲಿ ಆವರಣದೊಳಗೆ ಬರೆದಿದ್ದೀರಿ. ಆವರಣ ತೆಗೆಯಿರಿ. ಸಂಬಳ ಬರುವುದು ತಡವಾದ ತಿಂಗಳುಗಳಲ್ಲಿ ಒಲೆ ಉರಿದದ್ದು ಕಟ್ಟಿದ ಹೂವಿನ ಆ ಅಟ್ಟೆಗಳಿಂದ. ಮನೆಯಲ್ಲಿ ಅಪ್ಪ ಮಾತೇ ಆಡುತ್ತಿರಲಿಲ್ಲ ಎಂದು ಮಗಳು ಹೇಳಿದ್ದನ್ನೂ ಮೆತ್ತಗೆ ಮಾಡದೆ ಹಾಕಿ, ಅವರ ಒಪ್ಪಿಗೆ ಕೇಳಿ. ದಿನವಿಡೀ ನೂರು ಮಕ್ಕಳ ಜೊತೆ ಮಾತಾಡಿ ಬಂದವರ ಮನೆಗಳಲ್ಲಿ ಇದು ಹೊಸದೇನೂ ಅಲ್ಲ.

ಶಾಸಕರ, ಮಾಜಿ ಶಾಸಕರ, ಮಠಾಧೀಶರ ಶುಭಸಂದೇಶಗಳಿಗೆ ಹದಿನಾರು ಪುಟ ಇಟ್ಟಿದ್ದೀರಿ. ಅಷ್ಟೂ ಪುಟಗಳನ್ನು ಅಮ್ಮನಿಗೆ ಕೊಡಿ. ಬರೆಯಿರಿ ಎಂದರೆ ಅವರು ಬರೆಯಲಾರರು. ಹೂ ಕಟ್ಟುವ ಹೊತ್ತಿಗೆ ಹೋಗಿ, ಮೊಬೈಲ್ ಪಕ್ಕದಲ್ಲಿಟ್ಟು, ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಅಚ್ಚಿಗೆ ಹೋಗುವ ಮೊದಲು ಅವರಿಗೆ ಪೂರ್ತಿ ಓದಿ ಹೇಳಿ. ತವರಿನ ಗದ್ದೆಯ ಭಾಗ ಬೇಡ ಎಂದು ಅವರು ಹೇಳಿದರೆ ಮರುಮಾತಿಲ್ಲದೆ ತೆಗೆದುಬಿಡಿ. ಆ ನೋವು ಅವರದು. ಬೆತ್ತದ ಭಾಗವನ್ನು ಮಾತ್ರ, ಸಂಚಿಕೆ ಸಮಿತಿಯ ಅಧ್ಯಕ್ಷರೇ ಹೇಳಿದರೂ ತೆಗೆಯಬೇಡಿ.