ಮೆಕ್ಯಾನಿಕ್ ಆಗಲು ಐಟಿಐ ಮಾಡಬೇಕಾ, ನೇರ ಗ್ಯಾರೇಜ್ ಸೇರಬೇಕಾ?

ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕಮಗಳೂರಲ್ಲಿ ಕೂತು ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡವನು ನಾನು. ಕೊನೆಗೆ ನೇರ ಗ್ಯಾರೇಜಿಗೆ ಹೋದೆ. ಆದರೆ ಮುಳುಗಿದ್ದು ಬೇರೆ ಕಡೆ.

ಶುರುವಿನಲ್ಲಿ ಸ್ಪ್ಯಾನರ್ ಒರೆಸುವುದು, ಚಕ್ರ ಬಿಚ್ಚುವುದು, ಮೇಸ್ತ್ರಿಗೆ ಟೀ ತರುವುದು. ಆಮೇಲೆ ಬ್ರೇಕ್, ಕ್ಲಚ್, ಗೇರ್‌ಬಾಕ್ಸ್. ಕೆಲಸ ಕಲಿಸಲು ಕಾಫಿ ತೋಟದ ಜೀಪು ಸಾಕು. ಕೆಸರಲ್ಲಿ ಲೋಡ್ ಹತ್ತಿಸಿ ಕ್ಲಚ್ ಪ್ಲೇಟ್ ಸುಟ್ಟಿರುತ್ತೆ, ಚಕ್ರದ ಕಡೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಜಾಯಿಂಟ್) ಸದ್ದು ಮಾಡುತ್ತೆ, ಬ್ರೇಕ್ ಡ್ರಮ್ಮಿಗೆ ಕೆಸರು ಸೇರಿ ಲೈನರ್ ಸವೆದಿರುತ್ತೆ. ಕೈ ಪಳಗಿದ ಮೇಲೆ ಸ್ವಂತ ಗ್ಯಾರೇಜ್ ಹಾಕಿದೆ.

ಎಡವಿದ್ದು ಅಲ್ಲೇ. ಸಾಮಾನನ್ನೆಲ್ಲ ನಾನೇ ತಂದು ಹಾಕಿ, ಬಿಲ್ ಪೂರ್ತಿ ಉದ್ರಿ ಬಿಡುತ್ತಿದ್ದೆ. ಇದನ್ನು ಯಾವ ಮೇಸ್ತ್ರಿಯೂ ಹೇಳಿಕೊಡುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಜೀಪು ಜಾಸ್ತಿ ಕೆಡುವುದು ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ. ತೋಟದವರ ಕೈಗೆ ದುಡ್ಡು ಬರುವುದು ಕೊಯ್ಲಾದ ಮೇಲೆ. ಅರೇಬಿಕಾ ಕಾಫಿ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೋಬಸ್ಟಾ ಹೊಸ ವರ್ಷದ ಮೇಲೆ. ಕಾಯಿ ಒಣಗಬೇಕು, ಮಾರಾಟ ಆಗಬೇಕು. ಸ್ಪೇರ್ಸ್ ಅಂಗಡಿಯವರಿಗೆ ಮಾತ್ರ ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಆಗಬೇಕು. ಕ್ಲಚ್ ಸೆಟ್ ಬದಲಾಯಿಸಿದರೆ ಬಿಲ್ಲಿನ ದೊಡ್ಡ ಪಾಲು ಸಾಮಾನಿನದು, ನನ್ನ ಕೂಲಿ ಸಣ್ಣದು. ಕೂಲಿ ತಡವಾದರೆ ಹೇಗೋ ಸುಧಾರಿಸಬಹುದು. ಸಾಮಾನಿನ ದುಡ್ಡು ತಡವಾದರೆ ಸಾಲ ಮಾಡಬೇಕು, ಬಡ್ಡಿ ನನ್ನ ತಲೆಗೆ. ಸಣ್ಣ ಕೂಲಿಯ ಆಸೆಗೆ ಊರಿನ ಜೀಪಿಗೆಲ್ಲ ನಾನೇ ಸಾಲ ಕೊಟ್ಟಂತಾಯಿತು.

ಕೇಳಲು ಸಂಕೋಚ ಬೇರೆ. "ಕೊಯ್ಲಾಗ್ಲಿ ಮಾರಾಯ, ಒಟ್ಟಿಗೇ ಕೊಡ್ತೀನಿ" ಅನ್ನುತ್ತಿದ್ದರು. ಸುಳ್ಳಲ್ಲ, ಕೊಡುತ್ತಲೂ ಇದ್ದರು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದವು. ಉಳಿದ ತೋಟಗಳಲ್ಲೂ ಕಾಯಿ ಉದುರಿತು. ಚಾರ್ಮಾಡಿ ಘಾಟಿ ಬಂದ್ ಆಯಿತು. ತೋಟ ಹೋದವರ ಮನೆ ಬಾಗಿಲಿಗೆ ಹೋಗಿ ಕ್ಲಚ್ಚಿನ ಬಾಕಿ ಕೇಳುವುದು ಹೇಗೆ? ಮುಂದಿನ ವರ್ಷ ಲಾಕ್‌ಡೌನ್. ಕಂಪ್ರೆಸರ್ ಮಾರಿ ಅಂಗಡಿ ಸಾಲ ತೀರಿಸಿ ಬಾಗಿಲು ಹಾಕಿದೆ.

ಆಮೇಲೆ ಹಾಸನದಲ್ಲಿ ಒಂದು ಕಂಪನಿ ಸರ್ವಿಸ್ ಸೆಂಟರಿಗೆ ಹೋದರೆ ಮೊದಲು ಕೇಳಿದ್ದೇ ಐಟಿಐ ಸರ್ಟಿಫಿಕೇಟ್. ಇಲ್ಲದ್ದಕ್ಕೆ ಹೆಲ್ಪರ್ ಆಗಿ ತಗೊಂಡರು. 2020ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗಳು ಬಂದಿದ್ದವು, ಮೈತುಂಬ ಸೆನ್ಸರ್. ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದದೆ ಕೈಯಿಡುವಂತಿಲ್ಲ. ಸ್ಕ್ಯಾನರ್ ಐಟಿಐ ಹುಡುಗರ ಕೈಯಲ್ಲಿ, ನಾನು ಚಕ್ರ ಬಿಚ್ಚುತ್ತಿದ್ದೆ.

ಹಾಗಾಗಿ ಐಟಿಐಯೋ ಗ್ಯಾರೇಜೋ ಅಂತ ಆರಿಸಲು ಕೂರಬೇಡಿ. ಎರಡೂ ಬೇಕು. ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್ ತಗೊಳ್ಳಿ, 2 ವರ್ಷ. ಡೀಸೆಲ್ ಮೆಕ್ಯಾನಿಕ್ 1 ವರ್ಷದಲ್ಲಿ ಮುಗಿಯುತ್ತೆ ಅಂತ ಅದಕ್ಕೆ ಹಾರಬೇಡಿ. ಭಾನುವಾರ, ರಜೆಯಲ್ಲಿ ಗ್ಯಾರೇಜಿನಲ್ಲಿರಿ. ಸಂಬಳ ಕಡಿಮೆ ಕೊಟ್ಟರೂ ಪರವಾಗಿಲ್ಲ, ವೈರಿಂಗ್ ಮುಟ್ಟಲು ಬಿಡುವ ಮೇಸ್ತ್ರಿಯನ್ನು ಹುಡುಕಿ.

ಎಲೆಕ್ಟ್ರಿಕ್ ಗಾಡಿ ಬಂದರೆ ಕೆಲಸ ಉಳಿಯುತ್ತಾ ಅಂತಲೂ ಕೆಲವರು ಕೇಳುತ್ತಾರೆ. ಎಂಜಿನ್ ಆಯಿಲ್, ಕ್ಲಚ್ ಹೋಗುತ್ತೆ, ನಿಜ. ಬ್ರೇಕ್, ಬೇರಿಂಗ್, ಸಸ್ಪೆನ್ಷನ್ ಎಲ್ಲಿ ಹೋಗುತ್ತೆ? ನಮ್ಮ ರಸ್ತೆ ನೋಡಿದ್ದೀರಲ್ವಾ!

ಈಗ ಮತ್ತೆ ಸ್ವಂತ ಗ್ಯಾರೇಜ್ ಇದೆ. ಜೀಪು ಬಂದ ತಕ್ಷಣ ಬೇಕಾದ ಸಾಮಾನಿನ ಚೀಟಿ ಬರೆದು ಗಾಡಿಯವರ ಕೈಗೇ ಕೊಡುತ್ತೇನೆ. ಅಂಗಡಿಯಿಂದ ಅವರೇ ತರಬೇಕು, ಇಲ್ಲವೇ ಮೊದಲೇ ದುಡ್ಡು ಕೊಡಬೇಕು. ನನ್ನ ಕೂಲಿ ಬೇಕಾದರೆ ಕೊಯ್ಲಾದ ಮೇಲೆ ಕೊಡಲಿ. ಇದಕ್ಕೆ ಮುನಿಸಿಕೊಂಡು ಬೇರೆ ಗ್ಯಾರೇಜಿಗೆ ಹೋದವರೂ ಇದ್ದಾರೆ, ಹೋಗಲಿ.