ಓದಲಾಗದ ಚೀಟಿಗೆ ಸಹಿ

ಈ ವಾರದ ಪತ್ರ:

“ಸಾರ್, ನಾನು ಪೀಣ್ಯದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ್ದೇನೆ. ಮಗ ಇಂಗ್ಲಿಷ್ ಮೀಡಿಯಂನಲ್ಲಿ ಮೂರನೇ ಕ್ಲಾಸು. ಪ್ರಾಜೆಕ್ಟು, ಮೀಟಿಂಗು, ಟ್ರಿಪ್ಪು ಎಲ್ಲದರ ವಿಷಯವೂ ಇಂಗ್ಲಿಷಿನಲ್ಲೇ ಬರುತ್ತೆ. ಪಕ್ಕದ ಮನೆ ಹುಡುಗಿ ಕಾಲೇಜಿನಿಂದ ಬಂದಮೇಲೆ ಓದಿ ಹೇಳುತ್ತಾಳೆ. ಹೋದ ತಿಂಗಳು ಅವಳು ಊರಲ್ಲಿರಲಿಲ್ಲ. ಫೀಸಿನ ಚೀಟಿ ಇರಬೇಕು, ಸಂಬಳ ಆದಮೇಲೆ ನೋಡೋಣ ಅಂತ ಎತ್ತಿಟ್ಟಿದ್ದು ಮ್ಯೂಸಿಯಂ ಟ್ರಿಪ್ಪಿನ ಒಪ್ಪಿಗೆ ಪತ್ರವಂತೆ. ಎಲ್ಲ ಮಕ್ಕಳೂ ಬಸ್ಸು ಹತ್ತಿದರು, ನನ್ನ ಮಗ ಎರಡನೇ ಕ್ಲಾಸಿನವರ ಜೊತೆ ಕೂತಿದ್ದ. ಕನ್ನಡದಲ್ಲಿ ಬರೆದುಕೊಡಿ ಅಂದಿದ್ದಕ್ಕೆ ಮಿಸ್ಸು, ‘ಹಾಗಾದ್ರೆ ಇಂಗ್ಲಿಷ್ ಮೀಡಿಯಂಗೆ ಯಾಕೆ ಸೇರಿಸಿದ್ರಿ?’ ಅಂದರು. ನಾನು ಕೇಳಿದ್ದು ತಪ್ಪಾ?”
— ಒಬ್ಬ ತಾಯಿ, ಬೆಂಗಳೂರು

ಸಂಪಾದಕರ ಉತ್ತರ:

ತಪ್ಪಲ್ಲಮ್ಮ. ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದು ಮಗನನ್ನು, ನಿಮ್ಮನ್ನಲ್ಲ.

ಮಿಸ್ಸಿನ ಕಷ್ಟವೂ ಇದೆ, ಒಪ್ಪುತ್ತೇನೆ. ನಲವತ್ತು ಮಕ್ಕಳು, ಕೈಗೆ ಬರುವ ಸಂಬಳ ಅಷ್ಟಕ್ಕಷ್ಟೇ, ಮೇಲಿನಿಂದ ಬಂದ ಸರ್ಕ್ಯುಲರನ್ನು ಹಾಗೇ ಗ್ರೂಪಿಗೆ ದಾಟಿಸುವುದೇ ಸುಲಭ. ಕೆಲವು ಮಿಸ್ಸುಗಳಿಗೆ ಕನ್ನಡ ಬರೆಯಲು ಬರುವುದೂ ಇಲ್ಲ. ಆದರೆ ಆ ಶಾಲೆಯಲ್ಲಿ ಒಬ್ಬ ಕನ್ನಡ ಮಿಸ್ ಇದ್ದಾರಲ್ಲ? 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಇರಲೇಬೇಕು. ನಾಲ್ಕು ಸಾಲು ಕನ್ನಡ ಮಾಡಿಕೊಡಲು ಅವರಿಗೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೇಳುವವರೇ ಇಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆಯಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಟಿತ್ತು. ನಮ್ಮಪ್ಪನಿಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬಾರದು. ಮೇಷ್ಟ್ರು ಚೀಟಿ ಗೀಟಿ ಕಳಿಸಲಿಲ್ಲ. ಸಂತೆಯ ದಿನ ಅರಳಿಕಟ್ಟೆ ಮೇಲೆ ಕೂತು, ಹುರುಳಿ ಮೂಟೆ ಇಳಿಸುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಹೇಳಿದರು: ಕೋಳಿ ಕೂಗೋ ಹೊತ್ತಿಗೆ ಬಸ್ಸು, ದೀಪ ಹಚ್ಚೋ ಹೊತ್ತಿಗೆ ವಾಪಸ್ಸು, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಬೇಕು, ಮೊಸರನ್ನ ಬೇಡ ಹುಳಿಯಾಗುತ್ತೆ. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಹಳೇಬೀಡಲ್ಲಿ ದೊಡ್ಡ ಕೆರೆ ಐತಲ್ಲ ಮೇಷ್ಟ್ರೇ, ಹುಡುಗ್ರನ್ನ ಅದರ ದಂಡೆಗೆ ಬಿಡ್ತೀರಾ?” ಮೇಷ್ಟ್ರು ಸುಮ್ಮನಾದರು. ಪ್ರವಾಸದ ದಿನ ನಾವು ಕೆರೆ ನೋಡಿದ್ದು ದೇವಸ್ಥಾನದ ಅಂಗಳದಿಂದ.

ಅಕ್ಷರ ಬಾರದ ಅಪ್ಪ ಆ ಪ್ರಶ್ನೆ ಕೇಳಿದ್ದು ಮೇಷ್ಟ್ರು ಹೇಳಿದ್ದು ಅರ್ಥವಾಗಿದ್ದಕ್ಕೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಆ ಸುದ್ದಿ ಓದಿದ ರಾತ್ರಿ ನನಗೆ ಅಪ್ಪನ ಕೆರೆಯ ಮಾತೇ ಕಿವಿಯಲ್ಲಿತ್ತು. ಒಪ್ಪಿಗೆ ಪತ್ರ ಎನ್ನುವುದು ಎಲ್ಲಿಗೆ, ಯಾರ ಜೊತೆ, ನೀರಿದೆಯೇ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ತಿಳಿದು ಕೊಡುವಂಥದ್ದು. ಓದಲಾಗದವರಿಂದ ಪಡೆದ ಸಹಿ ಶಾಲೆಯ ಫೈಲಿಗೆ ರಕ್ಷಣೆ ಇರಬಹುದು, ಮಗುವಿಗಲ್ಲ. ನಿಮ್ಮ ಮೇಲೂ ಒಂದು ಸಿಟ್ಟಿದೆ. ಪತ್ರದ ಕೊನೆಗೆ, ನಾನಿಲ್ಲಿ ಬಿಟ್ಟಿರುವ ಭಾಗದಲ್ಲಿ, “ಬೇರೆ ಚೀಟಿಗಳಿಗೆಲ್ಲ ಸಹಿ ಹಾಕಿ ಕಳಿಸುತ್ತೇನೆ” ಎಂದು ಬರೆದಿದ್ದೀರಿ. ಓದದೆ ಹಾಕಬೇಡಿ ತಾಯಿ. ಒಂದು ದಿನ ತಡವಾಗಲಿ.

ನಿಮಗೆ ಗೊತ್ತಿರಲಿ, ಅರ್ಥವಾಗುವಂತೆ ತಿಳಿಸುವುದು ಶಾಲೆಯವರು ಮಾಡುವ ಉಪಕಾರವೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಇದೆ. ಪೋಷಕರ ಸಭೆಗಳನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಇವನ್ನೆಲ್ಲ ತಿಳಿಸುವುದು ಅದರಲ್ಲೊಂದು. ತಿಳಿಸುವುದು ಎಂದರೆ ಎದುರಿನವರಿಗೆ ತಿಳಿಯಬೇಕು. ಸರ್ಕಾರಿ ಶಾಲೆಯಾಗಿದ್ದರೆ ನಿಮಗೆ ಎಸ್‌ಡಿಎಂಸಿ, ಅಂದರೆ ಶಾಲೆಯ ಆಗುಹೋಗು ನೋಡಿಕೊಳ್ಳುವ ಸಮಿತಿಯಾದರೂ ಇರುತ್ತಿತ್ತು. ಅದೇ ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆನ್ನುತ್ತದೆ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಮಾತ್ರ ಆ ಸಮಿತಿಯ ನಿಯಮ ಅನ್ವಯಿಸುವುದಿಲ್ಲ. ಹೆಚ್ಚು ದುಡ್ಡು ಕೊಟ್ಟ ಕಡೆ ಕಡಿಮೆ ಮಾತು!

ಇನ್ನೂ ಒಂದಿದೆ, ಇದು ನನ್ನ ಹಳೆಯ ಗಾಯ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಕರ್ನಾಟಕ 1994ರಲ್ಲಿ ಆದೇಶ ಮಾಡಿತ್ತು. ಅದರ ವಿರುದ್ಧ ಹೋದವರು ಖಾಸಗಿ ಶಾಲೆಗಳವರು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅವರ ಪರವಾಗಿ ತೀರ್ಪು ಕೊಟ್ಟು, ಮಾಧ್ಯಮ ಯಾವುದಿರಬೇಕೆಂದು ಮಗುವಿನ ಪರವಾಗಿ ಆರಿಸುವ ಹಕ್ಕು ಪೋಷಕರದು ಎಂದಿತು. ಕೋರ್ಟಿನಲ್ಲಿ ಪೋಷಕರ ಹಕ್ಕನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದವರು, ಶಾಲೆಯ ಗೇಟಿನಲ್ಲಿ ಅದೇ ಪೋಷಕರಿಗೆ ಅವರ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲಾರರು. ಅಮೆರಿಕ ನೋಡಿ. ಕೇಂದ್ರದ ಶಿಕ್ಷಣ ನೆರವು ಪಡೆಯುವ ಶಾಲೆಗಳು, ಆದಷ್ಟು ಮಟ್ಟಿಗೆ, ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಇಂಗ್ಲಿಷಿನ ದೇಶಕ್ಕೇ ಇಲ್ಲದ ಬಿಗುಮಾನ ದಾಸರಹಳ್ಳಿಯ ಎರಡನೇ ಮಹಡಿಯ ಶಾಲೆಗೆ! (ಒಡಿಶಾದಿಂದ ಗಾರೆ ಕೆಲಸಕ್ಕೆ ಬಂದವರ ಮಗು ನಮ್ಮ ಸರ್ಕಾರಿ ಶಾಲೆಯಲ್ಲಿ ಕೂತಾಗ ಕನ್ನಡದ ಚೀಟಿ ಆ ತಾಯಿಗೂ ಇಷ್ಟೇ ಕಗ್ಗಂಟು. ಅದನ್ನೂ ಹೇಳಬೇಕಾದ್ದೇ.)

ಪ್ರಾಜೆಕ್ಟಿನ ಬಗ್ಗೆ ಬರೆದರೆ ಪುಟ ಸಾಲದು. ರಾತ್ರಿ ಒಂಬತ್ತಕ್ಕೆ ಮೆಸೇಜು, ಬೆಳಿಗ್ಗೆಗೆ ಥರ್ಮೋಕೋಲಿನ ಮಳೆನೀರು ಕೊಯ್ಲು. ಇಂಗ್ಲಿಷ್ ಬಲ್ಲ ಅಪ್ಪಂದಿರು ತಾವೇ ಅಂಟಿಸುತ್ತಾರೆ, ಉಳಿದವರು ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ತರುತ್ತಾರೆ, ಮಗು ಹೊತ್ತುಕೊಂಡು ಹೋಗುತ್ತದೆ. ಮೀಟಿಂಗಂತೂ ಶನಿವಾರ ಬೆಳಿಗ್ಗೆ ಹತ್ತಕ್ಕೇ ಇಡುತ್ತಾರೆ. ಫ್ಯಾಕ್ಟರಿಗೆ ಶನಿವಾರ ರಜೆ ಎಂದು ಇವರಿಗೆ ಯಾರು ಹೇಳಿದರೋ.

ಈಗ ಕೆಲಸದ ಮಾತು. ಕೆಳಗಿನ ಸಾಲುಗಳನ್ನು ಕತ್ತರಿಸಿ ಮಗನ ಡೈರಿಯಲ್ಲಿ ಅಂಟಿಸಿ, ಜಗಳ ಬೇಡ, ಕನ್ನಡ ಮಿಸ್‌ಗೆ ತೋರಿಸಿ:

“ಮಿಸ್, ನನಗೆ ಕನ್ನಡ ಓದಲು ಬರುತ್ತದೆ. ಮುಂದಿನ ಟ್ರಿಪ್ಪಿಗೆ ದಿನ, ಜಾಗ, ಹೊರಡುವ ಮತ್ತು ಬರುವ ಹೊತ್ತು, ಜೊತೆಗೆ ಹೋಗುವವರ ಹೆಸರು, ದುಡ್ಡು ಎಷ್ಟು, ಇಷ್ಟನ್ನು ಇಲ್ಲಿ ಬರೆದುಕೊಡಿ. ಓದಿ ಅವತ್ತೇ ಸಹಿ ಮಾಡುತ್ತೇನೆ. ಮೀಟಿಂಗಿಗೆ ಶಿಫ್ಟು ಮುಗಿಸಿ ಆರು ಗಂಟೆಗೆ ಬರಬಹುದೇ?”

ಅವರು ಏನಂದರು ಎಂದು ನನಗೆ ಬರೆಯಿರಿ. ಮ್ಯೂಸಿಯಂಗೆ ನೀವೇ ಒಂದು ಭಾನುವಾರ ಕರೆದುಕೊಂಡು ಹೋಗಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಒಳಗೆ ಕಾಲಿಟ್ಟ ಹುಡುಗ ಅಷ್ಟು ಬೇಗ ಹೊರಗೆ ಬರುವುದಿಲ್ಲ, ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡೇ ಹೊರಡಿ. ಮೊಸರನ್ನ ಬೇಡ.